ಶರೀರ, ಶಾರೀರ ಮತ್ತು ಏಪ್ರಿಲ್ 24

'ಇತಿಹಾಸದಲ್ಲಿ ಈ ದಿನ' ಎಂಬ ಪುಟ್ಟ ಅಂಕಣ ಬಹುತೇಕ ಎಲ್ಲ ಪತ್ರಿಕೆಗಳ ಒಳಪುಟದಲ್ಲೂ ಇರುತ್ತದೆ. ಏಪ್ರಿಲ್ 24ರಂದು ಅದರಲ್ಲಿ 1800ರಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯ ಸ್ಥಾಪನೆಯಾದದ್ದು, 1990ರಲ್ಲಿ ಹಬಲ್ ದೂರದರ್ಶಕವನ್ನು ಆಕಾಶಕ್ಕೆ ಕಳಿಸಿದ್ದು, ಇಂಥ ಸಂಗತಿಗಳು ಬರುತ್ತವೆ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದ ಜನಕ್ಕೆ ಆ ದಿನದ ಅರ್ಥ ಒಂದೇ: ಅಂದು ಅಣ್ಣಾವ್ರು ಹುಟ್ಟಿದ್ದು. 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮತ್ತು ಲಕ್ಷ್ಮಮ್ಮ ದಂಪತಿಗಳಿಗೆ ಹುಟ್ಟಿದ ಮುತ್ತುರಾಜ ಮುಂದೆ ರಾಜ್‌ಕುಮಾರ್ ಆದದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಅದೇ ತಾರೀಖಿಗೆ ಸಂಗೀತದ ಇನ್ನೆರಡು ಘಟನೆಗಳು ಸೇರಿಕೊಂಡಿವೆ. ಎರಡೂ ನಡೆದದ್ದು 1942ರಲ್ಲಿ, ಒಂದೇ ದಿನ. ಪುಣೆಯಲ್ಲಿ ಮರಾಠಿ ರಂಗಭೂಮಿಯ ಹಾಡುನಟ ಮಾಸ್ಟರ್ ದೀನಾನಾಥ ಮಂಗೇಶ್ಕರ್ ತೀರಿಕೊಂಡರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಾರ್ಬರಾ ಸ್ಟ್ರೈಸೆಂಡ್ ಹುಟ್ಟಿದರು. ಗಾಜನೂರು, ಪುಣೆ, ಬ್ರೂಕ್ಲಿನ್ ಮೂರಕ್ಕೂ ಒಂದಕ್ಕೊಂದು ಯಾವ ನಂಟೂ ಇಲ್ಲ. ತಾರೀಖು ಒಂದಾದ ಮಾತ್ರಕ್ಕೆ ಕಾರಣ ಒಂದಾಗುವುದಿಲ್ಲ; ಅದನ್ನು ಜ್ಯೋತಿಷಿಗಳಿಗೆ ಬಿಡೋಣ. ಆದರೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇಪ್ಪತ್ತನೆಯ ಶತಮಾನದ ಜನಪ್ರಿಯ ಸಂಗೀತವನ್ನು ಬಿಡದೆ ಕಾಡಿದ ಒಂದು ಪ್ರಶ್ನೆ ಎದುರಾಗುತ್ತದೆ. ನಮ್ಮ ಮುಂದೆ ನಿಂತು ಬಾಯಿ ತೆರೆಯುವವನೊಬ್ಬ. ಕೇಳಿಸುವ ದನಿ ಯಾರದು?

ಕಂಪನಿ ನಾಟಕಗಳ ಕಾಲದಲ್ಲಿ ಈ ಪ್ರಶ್ನೆ ಏಳಲು ಎಡೆಯೇ ಇರಲಿಲ್ಲ. ಹಾಡಲು ಬಾರದವನು ನಟನೇ ಅಲ್ಲ. ಮೈಕು ಬರುವ ಮುಂಚೆ ಟೆಂಟಿನ ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಕಂದಪದ್ಯದ ಒಂದೊಂದು ಅಕ್ಷರ ಕೇಳಿಸಬೇಕಿತ್ತು. ಕಾಲು ಹಾರ್ಮೋನಿಯಂ ಹಿಡಿದ ಶ್ರುತಿಗೆ ಗಂಟಲು ಸೇರಿಸಿ, ಕಿರೀಟದ ಭಾರ ಹೊತ್ತು, 'ಒನ್ಸ್ ಮೋರ್' ಕೂಗಿಗೆ ಸತ್ತುಬಿದ್ದ ಪಾತ್ರವೂ ಎದ್ದು ಮತ್ತೆ ಹಾಡಬೇಕಿತ್ತು. ಪುಟ್ಟಸ್ವಾಮಯ್ಯನವರು ಇಂಥ ನಟರು, ಗುಬ್ಬಿ ವೀರಣ್ಣನವರ ಕಂಪನಿಯವರು. ಮಗ ಮುತ್ತುರಾಜನ ಶಾಲೆ ಚಿಕ್ಕ ವಯಸ್ಸಿನಲ್ಲೇ ಮುಗಿಯಿತು. ಉಳಿದ ವಿದ್ಯೆಯೆಲ್ಲ ಗುಬ್ಬಿ ಕಂಪನಿಯಲ್ಲಿ, ಅನಂತರ ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲಿ. ಪಾತ್ರ, ಮಾತು, ಹಾಡು ಮೂರನ್ನೂ ಬೇರೆ ಬೇರೆಯಾಗಿ ಕಲಿಸುವ ಪದ್ಧತಿ ಅಲ್ಲಿರಲಿಲ್ಲ.

ದೀನಾನಾಥರ ಬದುಕೂ ಇದೇ ಅಚ್ಚಿನದು. ಗೋವೆಯ ಮಂಗೇಶಿಯಲ್ಲಿ 1900ರಲ್ಲಿ ಹುಟ್ಟಿ, ಸ್ತ್ರೀಪಾತ್ರಗಳಲ್ಲಿ ಹೆಸರು ಮಾಡಿ, 1918ರಲ್ಲಿ ಬಲವಂತ ಸಂಗೀತ ಮಂಡಳಿಯ ಸ್ಥಾಪಕರಲ್ಲಿ ಒಬ್ಬರಾದವರು. ಮಿಂಚಿನಂಥ ತಾನುಗಳಿಗೆ ಪ್ರಸಿದ್ಧರು. ಮರಾಠಿ ಸಂಗೀತ ನಾಟಕಗಳು ಹುಬ್ಬಳ್ಳಿ ಧಾರವಾಡದ ಕಡೆಯ ಕನ್ನಡ ಕಂಪನಿಗಳನ್ನು ಬಹಳವಾಗಿ ತಿದ್ದಿದವು ಎಂಬುದನ್ನು ಇಲ್ಲಿ ನೆನೆಯಬೇಕು. ಮಾತಿನ ಚಿತ್ರಗಳು ಬಂದ ಮೇಲೆ ದೀನಾನಾಥರ ಕಂಪನಿ ಸೋತಿತು, ಅವರೇ ತೆಗೆದ ಚಿತ್ರಗಳೂ ಕೈಹಿಡಿಯಲಿಲ್ಲ. ನಲವತ್ತೊಂದರ ವಯಸ್ಸಿಗೆ ಅವರು ಕಣ್ಮುಚ್ಚಿದಾಗ ಹಿರಿಯ ಮಗಳಿಗೆ ಹನ್ನೆರಡು ತುಂಬಿ ಹದಿಮೂರು ನಡೆಯುತ್ತಿತ್ತು. ಅವಳ ಹಿಂದೆ ನಾಲ್ಕು ಮಕ್ಕಳು. ಮನೆ ನಡೆಸಲು ಅವಳು ಸಿನಿಮಾಕ್ಕೆ ಹಾಡಬೇಕಾಯಿತು. ಆ ಹುಡುಗಿ ಲತಾ. ಹುಟ್ಟಿದ್ದು 1929, ನಮ್ಮ ಮುತ್ತುರಾಜನ ವರ್ಷವೇ.

ಅಪ್ಪನ ಕಾಲಕ್ಕೂ ಮಗಳ ಕಾಲಕ್ಕೂ ನಡುವೆ ಒಂದು ತಂತ್ರ ಬಂದಿತ್ತು. 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದಲ್ಲಿ ಕಂಪನಿ ನಾಟಕದ ನಟರೇ ಇದ್ದರು. ಕ್ಯಾಮೆರಾ ಓಡುತ್ತಿರುವಾಗ ನಟನೇ ಹಾಡಬೇಕು, ವಾದ್ಯದವರು ಚೌಕಟ್ಟಿನಾಚೆ ಎಲ್ಲಾದರೂ ಅವಿತು ನುಡಿಸಬೇಕು, ಇದು ಆಗಿನ ರೂಢಿ. ಮರುವರ್ಷವೇ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆ ನಿತಿನ್ ಬೋಸ್ ನಿರ್ದೇಶನದ ಚಿತ್ರದಲ್ಲಿ, ರಾಯ್‌ಚಂದ್ ಬೋರಾಲ್ ಸಂಗೀತದಲ್ಲಿ, ಹಾಡನ್ನು ಮೊದಲೇ ಮುದ್ರಿಸಿಕೊಂಡು ಚಿತ್ರೀಕರಣದ ವೇಳೆ ಅದಕ್ಕೆ ತುಟಿ ಕೂಡಿಸುವ ಹಿನ್ನೆಲೆ ಗಾಯನವನ್ನು ತಂದಿತು. ಮೊದಮೊದಲು ಇದು ಕೇವಲ ಅನುಕೂಲದ ಮಾತು. ಗದ್ದಲವಿಲ್ಲದ ಕೋಣೆಯಲ್ಲಿ ಚೆನ್ನಾಗಿ ಹಾಡಬಹುದು, ನಟ ಓಡಾಡಬಹುದು. ಆದರೆ ಒಮ್ಮೆ ಹಾಡು ದೇಹದಿಂದ ಬಿಡುಗಡೆಯಾದ ಮೇಲೆ ಅದು ಅದೇ ದೇಹದಿಂದ ಬರಬೇಕೆಂಬ ನಿಯಮವೇಕೆ? ಚೆಲುವು ಒಬ್ಬರದು, ದನಿ ಇನ್ನೊಬ್ಬರದು ಆಗುವುದಕ್ಕೆ ಬಹಳ ಕಾಲ ಹಿಡಿಯಲಿಲ್ಲ.

ದನಿ ಕೊಟ್ಟವರ ಹೆಸರೂ ಆಗ ಇರುತ್ತಿರಲಿಲ್ಲ. 1949ರ 'ಮಹಲ್' ಚಿತ್ರದಲ್ಲಿ ದೇಶವನ್ನೇ ಮರುಳುಮಾಡಿದ ಹಾಡಿನ ತಟ್ಟೆಯ ಮೇಲೆ ಲತಾ ಹೆಸರಿರಲಿಲ್ಲ, ಪಾತ್ರದ ಹೆಸರು 'ಕಾಮಿನಿ' ಎಂದು ಅಚ್ಚಾಗಿತ್ತು. ಹಾಡಿದವರಾರೆಂದು ಕೇಳಿ ಜನ ಆಕಾಶವಾಣಿಗೆ ಪತ್ರ ಬರೆದರೆಂದು ಹೇಳುತ್ತಾರೆ. ಅಮೆರಿಕದಲ್ಲೂ ಇದೇ ಕಥೆ. 1964ರ 'ಮೈ ಫೇರ್ ಲೇಡಿ'ಯಲ್ಲಿ ಆಡ್ರಿ ಹೆಪ್‌ಬರ್ನ್ ತುಟಿಯಿಂದ ಕೇಳಿಸುವ ಹಾಡುಗಳಲ್ಲಿ ಬಹುಪಾಲು ಮಾರ್ನಿ ನಿಕ್ಸನ್ ಹಾಡಿದವು. ತೆರೆಯ ಮೇಲೆ ಆಕೆಯ ಹೆಸರಿಲ್ಲ. ನಾಲ್ಕು ವರ್ಷದ ತರುವಾಯ ಸ್ಟ್ರೈಸೆಂಡ್ 'ಫನಿ ಗರ್ಲ್' ಚಿತ್ರಕ್ಕೆ ಬಂದು, ಕೊನೆಯ ಹಾಡನ್ನು ಕ್ಯಾಮೆರಾದ ಮುಂದೆಯೇ ನಿಂತು ಹಾಡಿ ಆಸ್ಕರ್ ಗೆದ್ದರು. ಅಲ್ಲಿ ಹಾಡುನಟಿ ಹಾಡುನಟಿಯಾಗಿಯೇ ಉಳಿಯಲು ಸಾಧ್ಯವಿತ್ತು. ಇಲ್ಲಿ ಅದು ಸುಲಭವಿರಲಿಲ್ಲ.

1954ರ ಮೇ ತಿಂಗಳಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶನದ 'ಬೇಡರ ಕಣ್ಣಪ್ಪ' ಬಿಡುಗಡೆಯಾಯಿತು. ಮುತ್ತುರಾಜ ರಾಜ್‌ಕುಮಾರ್ ಆದದ್ದು ಅದರಲ್ಲಿ. ವಿಚಿತ್ರವೆಂದರೆ, ರಂಗದ ಮೇಲೆ ಹಾಡಿಯೇ ಬೆಳೆದ ಆ ಇಪ್ಪತ್ತೈದರ ತರುಣನಿಗೆ ತೆರೆಯ ಮೇಲೆ ದನಿ ಕೊಟ್ಟವರು ತಮಿಳಿನ ಹೆಸರಾಂತ ಗಾಯಕ ಸಿ.ಎಸ್. ಜಯರಾಮನ್. ಆ ಕಾಲದ ಕನ್ನಡ ಚಿತ್ರಗಳು ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ಅಲ್ಲಿಯ ರೂಢಿಯಂತೆ ನಟನೆಂದರೆ ನಟ, ಗಾಯಕನೆಂದರೆ ಗಾಯಕ. 1956ರ 'ಓಹಿಲೇಶ್ವರ'ದಲ್ಲಿ ಜಿ.ಕೆ. ವೆಂಕಟೇಶ್ ಅವರಿಂದ ಹಾಡಿಸಿದರು. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿಯವರ ಜತೆ ಒಂದು ಯುಗಳಗೀತೆ ಬಂತು. ಅಷ್ಟೇ. ಅದರಾಚೆ ಹದಿನೈದು ವರ್ಷ ರಾಜ್ ದನಿಯೆಂದು ನಾಡು ಕೇಳಿದ್ದು ಬೇರೆಯವರ ದನಿಯನ್ನು.

ಮುಖ್ಯವಾಗಿ ಒಬ್ಬರ ದನಿಯನ್ನು. ಕಾಕಿನಾಡದಲ್ಲಿ 1930ರ ಸೆಪ್ಟೆಂಬರ್ 22ರಂದು ಹುಟ್ಟಿದ ಪ್ರತಿವಾದಿ ಭಯಂಕರ ಶ್ರೀನಿವಾಸ್, ಹೆಸರಿಗಷ್ಟೇ ಭಯಂಕರ. ಕೆಳಸ್ಥಾಯಿಯ, ಮೃದುವಾದ, ರೇಷ್ಮೆಯಂಥ ಕಂಠ. ಎಂಟು ಭಾಷೆಗಳಲ್ಲಿ ಪದ್ಯ ಬರೆಯುವ ಹುಚ್ಚು. ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಕುಳಿತಿರುತ್ತಿದ್ದ ಅವರನ್ನು ಕಂಡವರು ಅನೇಕರು. 1960ರ 'ಭಕ್ತ ಕನಕದಾಸ'ದಿಂದ ಮುಂದಕ್ಕೆ ಈ ಜೋಡಿ ಎಷ್ಟು ಕೂಡಿಹೋಯಿತೆಂದರೆ, ರಾಜ್ ಶರೀರ, ಶ್ರೀನಿವಾಸ್ ಶಾರೀರ ಎಂಬ ಮಾತು ಜನಜನಿತವಾಯಿತು. 'ಶಾರೀರ' ಎಂದರೆ ಕಂಠ. ಒಂದು ದೀರ್ಘದ ಅಂತರದಲ್ಲಿ ದೇಹ ದನಿಯಾಗುತ್ತದೆ. ಕನ್ನಡಕ್ಕೆ ಇಂಥ ಮಾತು ಸಿಕ್ಕಿದ್ದು ನಮ್ಮ ಪುಣ್ಯ. ಹಿನ್ನೆಲೆ ಗಾಯನದ ಬಗ್ಗೆ ಬರೆದ ದೊಡ್ಡ ಗ್ರಂಥವೂ ಇದಕ್ಕಿಂತ ಹೆಚ್ಚು ಹೇಳಲಾರದು.

ಗುಂಡ್ಲುಪೇಟೆಯ ಸೀಮೆಗೆ ಈ ಏರ್ಪಾಟು ಹೊಸದೇನಲ್ಲ ಎಂದು ತಮಾಷೆಗೆ ಹೇಳಬಹುದು. ಮೈಸೂರಿನ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುನ್ನ ಎಳೆತನವನ್ನು ಕಳೆದದ್ದು ಗುಂಡ್ಲುಪೇಟೆಯ ಪಕ್ಕದ ಹಂಗಳದಲ್ಲಿ. 1673ರಿಂದ 1704ರವರೆಗೆ ಆಳಿದ ಅವರ ಹೆಸರಿನಲ್ಲಿ 'ಗೀತಗೋಪಾಲ' ಎಂಬ ಕೃತಿಯಿದೆ. ಜಯದೇವನ 'ಗೀತಗೋವಿಂದ'ದ ಮಾದರಿಯಲ್ಲಿ ಕನ್ನಡದಲ್ಲಿ ಹಾಡುವುದಕ್ಕೆಂದೇ ರಚಿಸಿದ ಕೃತಿ. ಆದರೆ ಅದನ್ನು ಬರೆದವರು ಅರಸರ ಬಾಲ್ಯದ ಒಡನಾಡಿಯೂ ಮಂತ್ರಿಯೂ ಆಗಿದ್ದ ತಿರುಮಲಾರ್ಯರೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಕಿರೀಟ ಒಬ್ಬರದು, ಕಂಠ ಇನ್ನೊಬ್ಬರದು! ಹಿನ್ನೆಲೆ ಗಾಯನ ಕಲ್ಕತ್ತೆಯಲ್ಲಿ ಹುಟ್ಟುವುದಕ್ಕೆ ಇನ್ನೂರು ವರ್ಷ ಮುಂಚೆಯೇ ಹಂಗಳದ ಹುಡುಗರಿಗೆ ಅದು ಗೊತ್ತಿತ್ತು.

ಮತ್ತೆ ಸಿನಿಮಾಕ್ಕೆ ಬರೋಣ. 1974ರಲ್ಲಿ ಎ.ವಿ. ಶೇಷಗಿರಿರಾವ್ ನಿರ್ದೇಶಿಸಿದ 'ಸಂಪತ್ತಿಗೆ ಸವಾಲ್' ಬಂತು. ಕಥೆ ಧುತ್ತರಗಿಯವರ ಕಂಪನಿ ನಾಟಕದ್ದು. ನಾಯಕ ಎಮ್ಮೆಯ ಮೇಲೆ ಕೂತು ಹಾಡಿಕೊಂಡು ಹೋಗುವ ಸನ್ನಿವೇಶ. ಹಾಡಿನ ಮುದ್ರಣಕ್ಕೆ ಶ್ರೀನಿವಾಸ್ ಅಸ್ವಸ್ಥರಾಗಿ ಬರಲಾಗಲಿಲ್ಲ, ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರು ರಾಜ್ ಅವರನ್ನೇ ಹಾಡುವಂತೆ ಒಪ್ಪಿಸಿದರು ಎಂಬುದು ಪ್ರಚಲಿತ ಕಥೆ. ಅದು ಆಕಸ್ಮಿಕವೇ ಇರಬಹುದು. ಆದರೆ ಹಾಡಿನ ಜಾತಿಯನ್ನು ನೋಡಿ. ಬಯಲಲ್ಲಿ ದನ ಹೊಡೆಯುವವನು ಗಂಟಲು ಬಿಟ್ಟು ಕೂಗುವ ಕೂಗು ಅದರಲ್ಲಿದೆ, ಚೇಷ್ಟೆ ಇದೆ, ಮಾತು ಹಾಡಾಗಿ ಹಾಡು ಮಾತಾಗಿ ಹೊರಳುತ್ತದೆ. ಇದು ಟೆಂಟಿನ ಕಡೆಯ ಸಾಲಿಗೆ ಕೇಳಿಸುವಂತೆ ಪಳಗಿದ ಕಂಠದ ಕೆಲಸ. ರೇಷ್ಮೆಯ ದನಿಗೆ ಇಂಥ ಕಂಬಳಿಯ ಹಾಡು ಅಷ್ಟಾಗಿ ಒಗ್ಗುತ್ತಿತ್ತೇ ಎಂಬುದು ನನ್ನ ಅನುಮಾನ. ಪುಟ್ಟಸ್ವಾಮಯ್ಯನವರ ಮಗ ಇಪ್ಪತ್ತು ವರ್ಷದ ತರುವಾಯ ತನ್ನ ಗಂಟಲನ್ನು ಮರಳಿ ಪಡೆದ.

ಒಂದೇ ದಿನಕ್ಕೆ ಎಲ್ಲವೂ ಬದಲಾಗಲಿಲ್ಲ. 1975ರ 'ಮಯೂರ'ದಲ್ಲಿ ಇನ್ನೂ ಶ್ರೀನಿವಾಸರ ದನಿಯಿದೆ. ಈ ಬದಲಾವಣೆಯನ್ನು ಕಿವಿಯಾರೆ ಕೇಳಬೇಕೆನ್ನುವವರು 1977ರ 'ಬಬ್ರುವಾಹನ'ವನ್ನು ನೋಡಬೇಕು. ಹುಣಸೂರು ಕೃಷ್ಣಮೂರ್ತಿಯವರ ಚಿತ್ರ, ಟಿ.ಜಿ. ಲಿಂಗಪ್ಪನವರ ಸಂಗೀತ. ಅರ್ಜುನನೂ ರಾಜ್, ಮಗ ಬಬ್ರುವಾಹನನೂ ರಾಜ್. ಇಬ್ಬರೂ ಎದುರುಬದುರು ನಿಂತು ಹಾಡಿನಲ್ಲೇ ಒಬ್ಬರನ್ನೊಬ್ಬರು ಹೀಯಾಳಿಸುವ ಆ ಪ್ರಸಿದ್ಧ ವಾಗ್ವಾದಕ್ಕೆ ದನಿ ಕೊಟ್ಟವರು ಶ್ರೀನಿವಾಸ್ ಮತ್ತು ರಾಜ್‌ಕುಮಾರ್. ಒಂದು ಶರೀರ ಎರಡಾಗಿದೆ, ಶಾರೀರವೂ ಎರಡಾಗಿದೆ. ಹಳೆಯ ದನಿ, ಹೊಸ ದನಿ ತೊಡೆತಟ್ಟಿ ನಿಂತಿವೆ. ತಂದೆಯನ್ನು ಮಗ ಗೆಲ್ಲುವ ಕಥೆಗೆ ಇದಕ್ಕಿಂತ ಹೊಂದುವ ಏರ್ಪಾಟು ಯಾರಿಗೆ ಹೊಳೆದೀತು? ಬೇಕೆಂದೇ ಮಾಡಿದ್ದೋ, ದ್ವಿಪಾತ್ರಕ್ಕೆ ಎರಡು ಕಂಠ ಬೇಕಾಯಿತೆಂಬ ಸರಳ ಕಾರಣವೋ, ಅಂತೂ ಕನ್ನಡ ಚಿತ್ರಸಂಗೀತದ ಒಂದು ಯುಗ ಇನ್ನೊಂದಕ್ಕೆ ಎಡೆಬಿಟ್ಟದ್ದು ಆ ಕೆಲವು ನಿಮಿಷಗಳಲ್ಲಿ ಕೇಳುತ್ತದೆ.

ಇದರಲ್ಲಿ ನಷ್ಟವೂ ಇತ್ತು ಎನ್ನುವುದನ್ನು ಮರೆಯಬಾರದು. ರಾಜ್ ತಾವೇ ಹಾಡತೊಡಗಿದ ಮೇಲೆ ಕನ್ನಡದಲ್ಲಿ ಶ್ರೀನಿವಾಸರಿಗೆ ಅವಕಾಶಗಳು ಕಡಿಮೆಯಾದವು. 'ಗಂಧದ ಗುಡಿ'ಯಂಥ ಚಿತ್ರದ ಹಾಡನ್ನು ಕೇಳುವಾಗ ಇಂದಿಗೂ ನಾವು ಕಣ್ಣಮುಂದೆ ತಂದುಕೊಳ್ಳುವುದು ರಾಜ್ ಮುಖವನ್ನೇ. ದನಿ ಕೊಟ್ಟವರ ಬಗ್ಗೆ ಅಭಿಮಾನಿಗಳು ಕೃತಜ್ಞರಾಗಿದ್ದರೂ, ಜಯಂತಿಯ ಮೆರವಣಿಗೆ ಹೊರಡುವುದು ಶರೀರಕ್ಕೆ.

1992ರಲ್ಲಿ ಕೆಲವು ವರ್ಷಗಳ ವಿರಾಮದ ತರುವಾಯ ರಾಜ್ 'ಜೀವನ ಚೈತ್ರ'ದಲ್ಲಿ ನಟಿಸಿದರು. ಉಪೇಂದ್ರ ಕುಮಾರ್ ಸಂಗೀತದಲ್ಲಿ, ತೋಡಿ ರಾಗದಲ್ಲಿ ಹಾಡಿದ ಗೀತೆಗೆ ಶ್ರೇಷ್ಠ ಹಿನ್ನೆಲೆ ಗಾಯಕ ಎಂಬ ರಾಷ್ಟ್ರಪ್ರಶಸ್ತಿ ಬಂತು. ಅರವತ್ತಮೂರರ ವಯಸ್ಸು. ಪ್ರಶಸ್ತಿಯ ಹೆಸರಿನಲ್ಲಿ 'ಹಿನ್ನೆಲೆ' ಎಂದಿದೆ. ಹಾಡಿದವನೂ ತೆರೆಯ ಮೇಲೆ ನಿಂತವನೂ ಒಬ್ಬನೇ ಆಗಿರುವಾಗ ಹಿನ್ನೆಲೆ ಯಾವುದು, ಮುನ್ನೆಲೆ ಯಾವುದು?

ಇನ್ನು ಆ ಊರಿನ ಮಾತು. 1929ರಲ್ಲಿ ಗಾಜನೂರು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಳ್ಳೇಗಾಲವೂ ಅದೇ ಜಿಲ್ಲೆ. ಚಾಮರಾಜನಗರ, ಗುಂಡ್ಲುಪೇಟೆ ಮಾತ್ರ ಮೈಸೂರು ಸಂಸ್ಥಾನ. 1956ರ ನವೆಂಬರ್ 1ರಂದು ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರಿಗೆ ಬಂತು; ಕನ್ನಡವೇ ಮನೆಮಾತಾದ ತಾಳವಾಡಿ ಸೀಮೆ ಗಾಜನೂರಿನೊಡನೆ ಅತ್ತಲೇ ಉಳಿಯಿತು. ಇಂದು ಅದು ತಮಿಳುನಾಡಿನ ಈರೋಡ್ ಜಿಲ್ಲೆ. 1982ರ ಗೋಕಾಕ್ ಚಳವಳಿಯಲ್ಲಿ ಕನ್ನಡಕ್ಕಾಗಿ ಬೀದಿಗಿಳಿದ ಮನುಷ್ಯನ ಹುಟ್ಟೂರು ಕರ್ನಾಟಕದಲ್ಲಿಲ್ಲ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಲ್ಲಿಯ ಮನೆಯಿಂದಲೇ ಅಪಹರಿಸಿದಾಗ ಎರಡು ರಾಜ್ಯಗಳ ಸರ್ಕಾರಗಳು ಕೂಡಿ ಕುಳಿತುಕೊಳ್ಳಬೇಕಾಯಿತು. ನವೆಂಬರ್ 15ಕ್ಕೆ ಬಿಡುಗಡೆ.

ಈ ಗಡಿಯನ್ನು ಲೆಕ್ಕಿಸದೆ ಓಡಾಡಿದವರು ಹಾಡುಗಾರರೇ. ಮಲೆ ಮಾದೇಶ್ವರನ ದೇವರಗುಡ್ಡರು ಕಂಸಾಳೆ ಹಿಡಿದು, ಮಂಟೇಸ್ವಾಮಿಯ ನೀಲಗಾರರು ತಂಬೂರಿ, ಗಗ್ಗರ, ತಾಳ ಹಿಡಿದು ಈ ನಾಡನ್ನೆಲ್ಲ ಸುತ್ತಿದವರು. ಬಟ್ಟಲಿನಂಥ ಒಂದು ಕಂಚಿನ ತಾಳ ಅಂಗೈಯಲ್ಲಿ, ದಾರ ಕಟ್ಟಿದ ಇನ್ನೊಂದು ಗಾಳಿಯಲ್ಲಿ. ಬೀಸು ಕಂಸಾಳೆಯಲ್ಲಿ ಆಡುವವನೇ ಬಡಿಯುತ್ತಾನೆ, ಬಡಿಯುವವನೇ ಹಾಡುತ್ತಾನೆ. ರಾತ್ರಿಯಿಡೀ ಸಾಗುವ ಕಥೆಯಲ್ಲಿ ಮುಖ್ಯ ಹಾಡುಗಾರನೇ ಮಾದೇಶ್ವರ, ಅವನೇ ಸಂಕಮ್ಮ, ಅವನೇ ಅವಳ ಗಂಡ. ಜತೆಗಾರರು ಸೊಲ್ಲು ಹಿಡಿಯುತ್ತಾರೆ. ಶರೀರ ಶಾರೀರಗಳ ತಕರಾರು ಇವರಲ್ಲಿ ಹುಟ್ಟಲೇ ಇಲ್ಲ. ಕಂಪನಿ ನಾಟಕದ ಹಾಡುನಟ ಎಲ್ಲಿಂದ ಬಂದ ಎಂದು ಕೇಳುವವರು ಪಾರ್ಸಿ ಕಂಪನಿಗಳನ್ನು, ಮರಾಠಿ ಮಂಡಳಿಗಳನ್ನು ತೋರಿಸುತ್ತಾರೆ, ಅದು ನಿಜ. ಆದರೆ ಸಿಂಗಾನಲ್ಲೂರಿನ ಒಬ್ಬ ರೈತಾಪಿ ಮನೆಯವನಿಗೆ ಹಾಡುತ್ತ ಇನ್ನೊಬ್ಬನಾಗುವ ವಿದ್ಯೆ ಅಪರಿಚಿತವಾಗಿ ಕಾಣದಿದ್ದುದಕ್ಕೆ ಈ ಹಾಡುಗಾರರೂ ಕಾರಣವೆಂದು ನಾನು ನಂಬುತ್ತೇನೆ.

ಇವರಿಗೆ ತಾರೀಖು ಇಲ್ಲ. ಬೆಟ್ಟದ ಜಾತ್ರೆಗಳು ಶಿವರಾತ್ರಿಗೆ, ಯುಗಾದಿಗೆ, ಮಹಾಲಯ ಅಮಾವಾಸ್ಯೆಗೆ, ದೀಪಾವಳಿಗೆ. ಚಿಕ್ಕಲ್ಲೂರಿನ ಚಂದ್ರಮಂಡಲ ಪುಷ್ಯದ ಹುಣ್ಣಿಮೆಗೆ. ಚಾಮರಾಜನಗರದ ಪೇಟೆಯಲ್ಲೂ ಚಾಮರಾಜೇಶ್ವರನ ತೇರು ಎಳೆಯುವುದು ಆಷಾಢದಲ್ಲಿ, ಹೊಸದಾಗಿ ಮದುವೆಯಾದವರು ಹಣ್ಣು ಜವನ ಎಸೆಯುವುದು ಆಗಲೇ. ಇಂಥ ಪಂಚಾಂಗದ ಮೇಲೆ ಬದುಕಿದ ಹಾಡುಗಳನ್ನು 'ಈ ದಿನ' ಎಂಬ ಅಂಕಣ ಹಿಡಿಯಲಾರದು. ಅದಕ್ಕೆ ಬೇಕಾದದ್ದು ಮುದ್ರಣದ ದಿನ, ಬಿಡುಗಡೆಯ ದಿನ, ಜನನ ಮರಣದ ದಿನ. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಮೊದಲಾದವರು ಈ ಕಾವ್ಯಗಳನ್ನು ಹಾಡಿಸಿ ಬರೆದುಕೊಳ್ಳದಿದ್ದರೆ ಅಚ್ಚಿನ ಜಗತ್ತಿಗೆ ಪಠ್ಯವೂ ಸಿಗುತ್ತಿರಲಿಲ್ಲ.

ಸಿನಿಮಾ ಅಲ್ಲಿಗೂ ಹೋಯಿತು. ರಾಜ್ ಕುಟುಂಬವೇ ನಿರ್ಮಿಸಿ, ಟಿ.ಎಸ್. ನಾಗಾಭರಣ ನಿರ್ದೇಶಿಸಿ, ಶಿವರಾಜ್‌ಕುಮಾರ್ ನಟಿಸಿದ 1996ರ 'ಜನುಮದ ಜೋಡಿ'ಯಲ್ಲಿ ವಿ. ಮನೋಹರ್ ಸಂಗೀತ. ಮಾದೇಶ್ವರ ಜಂಗಮನಾಗಿ ಸಂಕಮ್ಮನ ಬಾಗಿಲಿಗೆ ಬರುವ ಪ್ರಸಂಗದ ಹಾಡೊಂದು ಅದರಲ್ಲಿದೆ. ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. ತಲೆಮಾರುಗಳಿಂದ ಹಾಡುತ್ತ ಬಂದ ಗುಡ್ಡರ ಪದ ಹೀಗೆ ಬಿಡುಗಡೆಯ ತಾರೀಖನ್ನೂ ಗಾಯಕನ ಹೆಸರನ್ನೂ ಪಡೆದುಕೊಂಡು ಮದುವೆ ಮನೆಗಳ ಧ್ವನಿವರ್ಧಕಕ್ಕೆ ಬಂತು. ಕೇಳಿ ಹಿಗ್ಗಿದವರಲ್ಲಿ ಗುಡ್ಡರೂ ಇದ್ದಿರಬೇಕು.

ಏಪ್ರಿಲ್ ಅಷ್ಟಕ್ಕೇ ಮುಗಿಯುವುದಿಲ್ಲ. ಎಸ್. ಜಾನಕಿ ಹುಟ್ಟಿದ್ದು 1938ರ ಏಪ್ರಿಲ್ 23, ರಾಜ್ ಜನ್ಮದಿನದ ಹಿಂದಿನ ದಿನ. ಹಾಗಾಗಿ ನಾಯಕನದೂ ನಾಯಕಿಯ ಹಾಡಿನದೂ ಹುಟ್ಟುಹಬ್ಬ ಬೆನ್ನುಬೆನ್ನಿಗೆ ಬರುತ್ತವೆ. ರಾಜ್ ತೀರಿಕೊಂಡದ್ದು 2006ರ ಏಪ್ರಿಲ್ 12ರಂದು. ಏಳು ವರ್ಷ ಕಳೆದು, 2013ರಲ್ಲಿ, ಅದೇ ತಿಂಗಳ 14ರಂದು ಚೆನ್ನೈಯಲ್ಲಿ ಪಿ.ಬಿ. ಶ್ರೀನಿವಾಸ್ ಹೋದರು. ಶರೀರ ಹೋದ ತಾರೀಖಿಗೂ ಶಾರೀರ ಹೋದ ತಾರೀಖಿಗೂ ನಡುವೆ ಒಂದೇ ದಿನ.